ಮಂಗಳೂರಿನಲ್ಲಿ ಕವಿತಾ ಉತ್ಸವ: ನೇರ ಪ್ರಸಾರಕ್ಕೆ ಸಿದ್ಧತೆ ಮಾಡಿಕೊಳ್ಳುವ ಬಗೆ

ಕರಾವಳಿಯಲ್ಲಿ ಕವಿಗೋಷ್ಠಿಗಳಿಗೆ ಬರವಿಲ್ಲ. ಆದರೆ ಗೋಷ್ಠಿಯನ್ನು ಎರಡು ದಿನಗಳ ನಗರೋತ್ಸವವಾಗಿ ಬೆಳೆಸಿ, ಮನೆಯಲ್ಲಿ ಕುಳಿತವರಿಗೂ ನೇರವಾಗಿ ತಲುಪಿಸಬೇಕೆಂದು ಹೊರಟ ಸಂಘಟಕರು ಹೆಚ್ಚಾಗಿ ಮೊದಲು ವಿಚಾರಿಸುವುದು ಕ್ಯಾಮೆರಾದ ಬಾಡಿಗೆಯನ್ನು. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಚಿತ್ರ ಸ್ವಲ್ಪ ಮಸುಕಾದರೂ ಕೇಳುಗರು ಉಳಿಯುತ್ತಾರೆ, ಎರಡು ಸಾಲು ಕೇಳಿಸದಿದ್ದರೆ ಬೇರೆ ಕಡೆಗೆ ಹೋಗಿಬಿಡುತ್ತಾರೆ. ಆದ್ದರಿಂದ ಹಣವನ್ನೂ ಜನರನ್ನೂ ಮೊದಲು ಧ್ವನಿಗೆ ಮೀಸಲಿಡಬೇಕು.

ದಿನ ಗೊತ್ತುಮಾಡುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಬಿಟ್ಟುಬಿಡುವುದು ಒಳ್ಳೆಯದು. ನವೆಂಬರ್‌ನಿಂದಾಚೆಗೆ ಯಕ್ಷಗಾನ ಮೇಳಗಳ ತಿರುಗಾಟ, ದೈವಗಳ ನೇಮ, ಕೋಲಗಳು ಆರಂಭವಾಗುವುದರಿಂದ ಸಂಜೆಯ ಕೊನೆಯ ಗೋಷ್ಠಿಯನ್ನು ಬೇಗ ಮುಗಿಸಬೇಕು. ಯುನೆಸ್ಕೊ 1999ರಲ್ಲಿ ವಿಶ್ವ ಕಾವ್ಯ ದಿನವೆಂದು ಘೋಷಿಸಿದ ಮಾರ್ಚ್ 21 ಆಕರ್ಷಕವಾಗಿ ಕಂಡರೂ ಅದು ಪರೀಕ್ಷೆಯ ಕಾಲವಾದ್ದರಿಂದ ವಿದ್ಯಾರ್ಥಿಗಳು ಸಿಗುವುದು ಕಷ್ಟ.

ಸಭಾಂಗಣವನ್ನು ನೋಡಲು ಹೋಗುವಾಗ ಒಂದು ಕವಿತೆಯನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಫ್ಯಾನುಗಳನ್ನೆಲ್ಲ ಹಾಕಿಸಿ, ವೇದಿಕೆಯ ಮೇಲೆ ನಿಂತು ಮೈಕಿಲ್ಲದೆ ಎಂಟು ಸಾಲು ಓದಿ. ಜತೆಗೆ ಬಂದವರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಕುದ್ಮುಲ್ ರಂಗರಾವ್ ಪುರಭವನದಂತಹ ದೊಡ್ಡ ಜಾಗವು ಉದ್ಘಾಟನೆಗೆ ಸರಿಹೊಂದೀತು, ಆದರೆ ಕವಿತೆಗೆ ಇನ್ನೂರು ಜನ ಹಿಡಿಸುವ ಕಾಲೇಜು ಸಭಾಂಗಣವೇ ಹಿತ. ಶೀಟಿನ ಮಾಡಿನ ಕಟ್ಟಡ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದು ಅಕ್ಟೋಬರ್ ಸಂಜೆ ಅಂಥದೊಂದು ಕಡೆ ನಾವು ಗೋಷ್ಠಿ ನಡೆಸುತ್ತಿದ್ದಾಗ ಕವಯಿತ್ರಿಯೊಬ್ಬರು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಮಳೆ ಹೊಯ್ದಿತು. ಸಭೆಯಲ್ಲಿದ್ದವರು ಅವರ ತುಟಿಗಳನ್ನು ನೋಡುತ್ತ ಕುಳಿತರೆ, ಪ್ರಸಾರದಲ್ಲಿ ಹತ್ತು ನಿಮಿಷ ಕೇಳಿಸಿದ್ದು ಶೀಟಿನ ಸದ್ದೊಂದೇ. ಬಯಲಿನಲ್ಲಿ ನಡೆಸುವುದಾದರೆ ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿಯನ್ನು ಮುಂಚಿತವಾಗಿ ಪಡೆದು, ರಾತ್ರಿ 10 ಗಂಟೆಗೆ ಮುನ್ನ ಮುಗಿಸಬೇಕು.

ಸಭಾಂಗಣದ ಸ್ಪೀಕರಿಗೆ ಹೋಗುವ ಧ್ವನಿ ಮತ್ತು ಪ್ರಸಾರಕ್ಕೆ ಹೋಗುವ ಧ್ವನಿ ಬೇರೆಬೇರೆಯಾಗಿರಬೇಕು. ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ಪ್ರಸಾರ ಮಾಡಿದರೆ ಪ್ರತಿಧ್ವನಿಯ ಹೊರತು ಏನೂ ದಕ್ಕುವುದಿಲ್ಲ. ಮೈಕುಗಳ ಧ್ವನಿಯನ್ನು ಕೂಡಿಸಿ ಹದಗೊಳಿಸುವ ಮಿಕ್ಸರಿನಿಂದ ಪ್ರಸಾರಕ್ಕೆಂದೇ ಒಂದು ಪ್ರತ್ಯೇಕ ಸಂಪರ್ಕವನ್ನು ತೆಗೆದುಕೊಳ್ಳಬೇಕು, ಜತೆಗೆ ಸಭಿಕರ ಕಡೆಗೆ ತಿರುಗಿಸಿದ ಇನ್ನೊಂದು ಮೈಕನ್ನು ಸಣ್ಣ ಮಟ್ಟದಲ್ಲಿ ಸೇರಿಸಬೇಕು. ಇದು ಇಲ್ಲದಿದ್ದರೆ ಚಪ್ಪಾಳೆಯೂ ನಗುವೂ ಅಳಿಸಿಹೋಗಿ, ಕವಿಗಳು ಖಾಲಿ ಕೋಣೆಯಲ್ಲಿ ಓದುತ್ತಿದ್ದಾರೆಂಬ ಭಾವನೆ ಮೂಡುತ್ತದೆ. ಭಾಷಣಪೀಠದ ಮೈಕು ಕಾಗದದ ಸರಪರ ಸದ್ದನ್ನು ಎತ್ತಿಕೊಳ್ಳುವುದರಿಂದ ಸ್ಟ್ಯಾಂಡಿನ ಮೈಕು ಮೇಲು. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿದ್ದರೆ ಸಾಕು. ಹಿರಿಯ ಕವಿಗಳಲ್ಲಿ ಅನೇಕರು ವಿನಯದಿಂದಲೋ ಏನೋ ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಅವರನ್ನು ಕೈಹಿಡಿದು ಮುಂದೆ ತಂದು ನಿಲ್ಲಿಸಲು ಒಬ್ಬ ಕಾರ್ಯಕರ್ತರನ್ನು ನೇಮಿಸಿದರೆ ಅದು ವ್ಯರ್ಥವಲ್ಲ.

ಅಂತರ್ಜಾಲದ ವಿಷಯದಲ್ಲಿ ನೋಡಬೇಕಾದುದು ಡೌನ್‌ಲೋಡ್ ವೇಗವನ್ನಲ್ಲ, ನಮ್ಮಿಂದ ಹೊರಗೆ ಕಳಿಸುವ ಅಪ್‌ಲೋಡ್ ವೇಗವನ್ನು. 720 ಪಿ ಗುಣಮಟ್ಟದ ಯೂಟ್ಯೂಬ್ ಪ್ರಸಾರಕ್ಕೆ ಸುಮಾರು 4 ಎಂಬಿಪಿಎಸ್ ಬೇಕಾಗುತ್ತದೆ, ಅದರ ಎರಡರಷ್ಟು ಕೈಯಲ್ಲಿದ್ದರೆ ನಿಶ್ಚಿಂತೆ. ಸಭಿಕರೆಲ್ಲ ಬಳಸುವ ವೈಫೈಯನ್ನು ನಂಬದೆ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಎಳೆಸಿ, ಬದಲಿಗೆ ಇರಲೆಂದು ಇನ್ನೊಂದು ಕಂಪೆನಿಯ ಮೊಬೈಲ್ ಸಂಪರ್ಕವನ್ನು ಇಟ್ಟುಕೊಳ್ಳಬೇಕು. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ರೂಟರ್ ಮಾತ್ರ ಸತ್ತಿರುತ್ತದೆ. ಅದನ್ನೂ ಯುಪಿಎಸ್‌ಗೆ ಜೋಡಿಸಲು ಮರೆಯಬಾರದು. ಕಂಪ್ಯೂಟರಿನಿಂದ ಪ್ರಸಾರ ಮಾಡಲು ಒಬಿಎಸ್ ಎಂಬ ಉಚಿತ ತಂತ್ರಾಂಶವೇ ಸಾಕಾಗುತ್ತದೆ. ಹೊಸ ಚಾನೆಲ್ಲಿಗೆ ನೇರ ಪ್ರಸಾರದ ಸೌಲಭ್ಯ ತೆರೆದುಕೊಳ್ಳಲು 24 ಗಂಟೆಗಳವರೆಗೆ ಹಿಡಿಯಬಹುದಾದ್ದರಿಂದ ಅದನ್ನು ಒಂದು ವಾರ ಮೊದಲೇ ಮುಗಿಸಿ, ಖಾಸಗಿ ಕೊಂಡಿಯಲ್ಲಿ ಅರ್ಧ ಗಂಟೆ ತಾಲೀಮು ನಡೆಸಬೇಕು. ಬಿಡುವಿನಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಪ್ರಸಾರವೇ ನಿಲ್ಲುವ ಸಂಭವವಿದೆ.

ರೇಡಿಯೊವನ್ನು ಕಡೆಗಣಿಸಬಾರದು. 1976ರಿಂದ ನಡೆಯುತ್ತಿರುವ ಮಂಗಳೂರು ಆಕಾಶವಾಣಿ, ಎಫ್‌ಎಂ 107.8ರ ರೇಡಿಯೊ ಸಾರಂಗ್, ಮಣಿಪಾಲದ 90.4ರ ಸಮುದಾಯ ಬಾನುಲಿ, ಇವರಿಗೆ ಎರಡು ತಿಂಗಳು ಮೊದಲೇ ಪತ್ರ ಬರೆದು ಮಾತಾಡಬೇಕು. ರೇಡಿಯೊದವರಿಗೆ ಬೇಕಾಗುವುದು ಗಡಿಯಾರದ ಶಿಸ್ತು, ನಮ್ಮ ಗೋಷ್ಠಿಗಳಲ್ಲಿ ಇಲ್ಲದಿರುವುದೂ ಅದೇ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಸ್ಮರಣಿಕೆಗಳು ಮುಗಿಯುವ ಹೊತ್ತಿಗೆ ಊಟದ ಸಮಯವಾಗಿ, ಕವಿಗಳಿಗೆ ‘ಒಂದೇ ಕವನ ಓದಿ’ ಎಂಬ ಚೀಟಿ ಹೋಗುತ್ತದೆ. ಸಭಾಕಲಾಪವನ್ನೆಲ್ಲ ಪ್ರಸಾರ ಆರಂಭವಾಗುವುದಕ್ಕೆ ಮೊದಲೇ ಮುಗಿಸಿ, ಪ್ರತಿ ಕವಿಗೂ ಐದು ನಿಮಿಷ ಕೊಟ್ಟು, ಆ ಐದು ನಿಮಿಷವನ್ನು ಅಧ್ಯಕ್ಷರೂ ಕಸಿದುಕೊಳ್ಳದಂತೆ ನೋಡಿಕೊಳ್ಳಬೇಕು. ಮಾತಿನ ಕಲೆಗೆ ಪ್ರತ್ಯೇಕ ಗೋಷ್ಠಿಯಿದ್ದರೆ ಕವಿತೆಯನ್ನು ಮಾತಾಗಿ ಅಭಿನಯಿಸಿ ಹೇಳುವ ಯುವಕರ ಸ್ಪೋಕನ್ ವರ್ಡ್ ಜತೆಗೆ ತಾಳಮದ್ದಳೆಯನ್ನೂ ಇಡಿ. ವೇಷವಿಲ್ಲದೆ, ಕುಳಿತಲ್ಲೇ ಆಶುವಾಗಿ ಅರ್ಥ ಹೇಳುವ ಇಂಥ ಪರಂಪರೆ ಮನೆಯಲ್ಲೇ ಇದೆ. ಆದರೆ ಅದಕ್ಕೆ ಕನಿಷ್ಠ ಒಂದು ಗಂಟೆ ಬೇಕು.

ತುಳು, ಕೊಂಕಣಿ, ಬ್ಯಾರಿ ಕವಿಗಳ ಪರಿಚಯಕ್ಕೆ ಮಂಗಳೂರಿನಲ್ಲಿಯೇ ಇರುವ ಆಯಾ ಅಕಾಡೆಮಿಗಳನ್ನು ಸಂಪರ್ಕಿಸಬಹುದು. ಕವಿತೆಯ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ನಿರೂಪಕರು ಕವಿಯಿಂದಲೇ ಕೇಳಿ ತಿಳಿಯಬೇಕು. ತುಳುವಿನಲ್ಲಿ ‘ನಾನು ಮಾಡುತ್ತೇನೆ’ ಮತ್ತು ‘ಅವನು ಮಾಡುತ್ತಾನೆ’ ಎರಡನ್ನೂ ಕನ್ನಡ ಲಿಪಿಯಲ್ಲಿ ‘ಮಲ್ಪುವೆ’ ಎಂದೇ ಬರೆಯುತ್ತೇವೆ, ವ್ಯತ್ಯಾಸವಿರುವುದು ಕೊನೆಯ ಸ್ವರದಲ್ಲಿ. ಪರದೆಯ ಮೇಲೆ ಕನ್ನಡ ಅನುವಾದದ ನಾಲ್ಕು ಸಾಲು ತೋರಿಸಿದರೆ ಸಾಕು. ಇಡೀ ಅನುವಾದವನ್ನು ಓದಿಸಿದರೆ ಮೂಲದ ಲಯ ಕೈತಪ್ಪುತ್ತದೆ.

ಪ್ರತಿಯೊಬ್ಬ ಕವಿಯಿಂದ ಒಂದು ಪುಟದ ಒಪ್ಪಿಗೆ ಪತ್ರ ಪಡೆಯಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಕೃತಿಯ ಹಕ್ಕು ಕವಿಯ ಜೀವಿತಾವಧಿಯಲ್ಲೂ ಅನಂತರದ 60 ವರ್ಷಗಳವರೆಗೂ ಉಳಿಯುತ್ತದೆ. ಆದ್ದರಿಂದ ಬೇರೆಯವರ ಕವಿತೆಯನ್ನು ಓದುವವರು ಹಕ್ಕುದಾರರನ್ನು ಕೇಳಿರಬೇಕು. ನೇರ ಪ್ರಸಾರ, ಚಿತ್ರೀಕರಿಸಿದ ದೃಶ್ಯವನ್ನು ಚಾನೆಲ್ಲಿನಲ್ಲಿ ಉಳಿಸುವುದು, ರೇಡಿಯೊ ಮರುಪ್ರಸಾರ ಎಂಬ ಮೂರನ್ನೂ ಪತ್ರದಲ್ಲಿ ಪ್ರತ್ಯೇಕವಾಗಿ ನಮೂದಿಸಿ.

ಒಂದೇ ಪ್ರಸಾರ 12 ಗಂಟೆ ಮೀರಿದರೆ ಯೂಟ್ಯೂಬಿನಲ್ಲಿ ಅದು ಪೂರ್ತಿಯಾಗಿ ಉಳಿಯದಿರಬಹುದಾದ್ದರಿಂದ ಗೋಷ್ಠಿಗೊಂದರಂತೆ ಬೇರೆ ಕೊಂಡಿ ಇರಲಿ. ಗೋಷ್ಠಿ ಮುಗಿದೊಡನೆ ಒಬ್ಬರು ಪರದೆಯನ್ನು ನೋಡಿ ಪ್ರಸಾರ ನಿಂತಿದೆಯೆಂದು ಕೈಸನ್ನೆ ಮಾಡಬೇಕು. ಅಲ್ಲಿಯವರೆಗೆ ಗೋಳಿಬಜೆ ಎಷ್ಟು ಪ್ಲೇಟು ಸಾಲದು ಎಂಬ ಲೆಕ್ಕವನ್ನು ಯಾರೂ ಮೈಕಿನ ಹತ್ತಿರ ಮಾತಾಡಬಾರದು.