ಟೆಂಪೋದೊಳಗೆ ಅರಮನೆ ಹಿಡಿಸಿದ ಬಗೆ

ಶಿವಮೊಗ್ಗದಿಂದ ಉಡುಪಿಯ ನಾಟಕೋತ್ಸವಕ್ಕೆ ಹೊರಟ ನಮ್ಮ ತಂಡಕ್ಕೆ ಇದ್ದದ್ದು ಒಂದೇ ಟೆಂಪೋ ಟ್ರಾವೆಲರ್. ನಾಟಕದ ರಂಗಸಜ್ಜಿಕೆಯ ಅರಮನೆ ಗೋಡೆಗಳೋ 8 ಅಡಿ ಎತ್ತರ, 4 ಅಡಿ ಅಗಲ. ಮೇಲೆ ಕಟ್ಟೋಣವೆಂದರೆ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಳಿಗೆ ಹಾಯಿಯಂತಾಗುತ್ತವೆ ಎಂದು ಚಾಲಕರು ಒಪ್ಪಲಿಲ್ಲ. ಬೇರೆ ಲಾರಿ ಮಾಡುವಷ್ಟು ಹಣ ಯಾವ ಹವ್ಯಾಸಿ ತಂಡದ ಬಳಿ ಇರುತ್ತದೆ?

ಪ್ರತಿ ಗೋಡೆಯ ಚೌಕಟ್ಟನ್ನೂ ನಡುವೆ ಅಡ್ಡಲಾಗಿ ಕತ್ತರಿಸಿ, ಎರಡೂ ತುಂಡುಗಳ ಅಂಚಿಗೆ ಹೊಸ ಪಟ್ಟಿ ಹೊಡೆದೆ. ಜೋಡಿಸಲು ಪಿನ್ ಕಳಚುವ ಹಿಂಜುಗಳು, ಅಂದರೆ ಬಾಗಿಲಿಗೆ ಹಾಕುವಂಥ ಕೀಲುಗಳು. ಆ ಪಿನ್ನಿನ ಜಾಗದಲ್ಲಿ ಸಡಿಲವಾಗಿ ಕೂರುವ ಉದ್ದ ಮೊಳೆ ಹಾಕಿದರೆ ಕೈಯಲ್ಲೇ ಎಳೆಯಬಹುದು, ಕತ್ತಲೆಯ ನೇಪಥ್ಯದಲ್ಲಿ ಸುತ್ತಿಗೆ ಹುಡುಕುವ ಕಷ್ಟವಿಲ್ಲ. ಹಿಂಜು ಇದ್ದಲ್ಲಿ ಗೋಡೆ ಮಡಚಿಕೊಳ್ಳುತ್ತದೆ. ನಿಲ್ಲಿಸಿದಾಗ ಹಾಗಾಗದಂತೆ ಹಿಂಬದಿಗೆ ಒಂದು ರೀಪರನ್ನು (ಮರದ ಪಟ್ಟಿಯನ್ನು) ನೆಟ್ಟಗೆ ಇಟ್ಟು ಬೋಲ್ಟ್ ಬಿಗಿದೆ. ಸೀಳಿನಿಂದ ಬೆಳಕು ತೂರದಂತೆ ಹಿಂದೆ ಕಪ್ಪು ಬಟ್ಟೆ, ಮುಂದೆ ಗೋಡೆಯದೇ ಬಣ್ಣ ಬಳಿದ ಬಟ್ಟೆಯ ಪಟ್ಟಿ. ಜೋಡಿಗಳಿಗೆ ಸಂಖ್ಯೆಯನ್ನು ಬಣ್ಣದಲ್ಲೇ ಬರೆಯಿರಿ, ಸೀಮೆಸುಣ್ಣ ದಾರಿಯಲ್ಲೇ ಅಳಿಸಿಹೋಗುತ್ತದೆ.

ಕೊನೆಯ ಸಾಲಿನ ಸೀಟು ಕಳಚಿ ಆ ಜಾಗದಲ್ಲಿ ತುಂಡುಗಳನ್ನೆಲ್ಲ ನಿಲ್ಲಿಸಿದೆವು. ನಟರು ಗೊಣಗಿದರು, ಗೊಣಗಲಿ.

ಬಾಗಿಲಿರುವ ಗೋಡೆಯನ್ನು ಮಾತ್ರ ಹೀಗೆ ಕತ್ತರಿಸಬೇಡಿ, ಬಾಗಿಲು ಜೋತುಬೀಳುತ್ತದೆ. ಅಲ್ಲಿ ನಾವು ಪರದೆ ಇಳಿಬಿಟ್ಟೆವು.