ಒಂದು ಶಿಪ್ಪಿಂಗ್ ಬಿಲ್ ಹಿಡಿದು ಹೊರಟರೆ

ರಫ್ತು ಮಾಡುವ ಕಂಪನಿಗಳು ನಿಯಮದ ಪ್ರಕಾರ ನಡೆಯುತ್ತಿವೆಯಾ ಅಂತ ನೋಡಿಕೊಡುವುದು ನನ್ನ ಕೆಲಸ. ನನ್ನನ್ನು ಕರೆಯುವವರು ಹೆಚ್ಚಾಗಿ ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ ಕಡೆಯವರು. ವಾಲ್ವ್, ಪಂಪ್, ಎರಕದ ಬಿಡಿಭಾಗ ಮಾಡುತ್ತಾರೆ. ಮಷಿನ್ ಸದ್ದು ಕೇಳಿದರೆ ಸಾಕು, ಯಾವ ಬೇರಿಂಗ್ ಹೋಗಿದೆ ಅಂತ ಹೇಳಬಲ್ಲ ಮಾಲೀಕರು ಇವರು. ಆದರೆ ಕಾಗದಪತ್ರದ ಮಾತು ಬಂದರೆ "ಅದನ್ನೆಲ್ಲ ಸಿಎಚ್‌ಎ ನೋಡ್ಕೊಳ್ತಾರೆ ಮೇಡಂ" ಅಂದುಬಿಡುತ್ತಾರೆ.

ಕಂಪನಿಯ ಪರವಾಗಿ ಕಸ್ಟಮ್ಸ್‌ಗೆ ಕಾಗದಪತ್ರ ಸಲ್ಲಿಸುವ ಕಸ್ಟಮ್ಸ್ ಬ್ರೋಕರ್‌ಗೆ ನಮ್ಮಲ್ಲಿ ಇನ್ನೂ ಸಿಎಚ್‌ಎ ಅಂತಲೇ ಹೆಸರು. ಕಂಪನಿ ಕೊಟ್ಟ ಮಾಹಿತಿಯನ್ನು ಅವರು ತುಂಬುತ್ತಾರೆ, ಅಷ್ಟೇ. ಕೊಡಬೇಕಾದ ಮಾಹಿತಿ ಕಂಪನಿಯದು, ಸಹಿಯೂ ಕಂಪನಿಯದು, ನೋಟಿಸ್ ಬರುವುದೂ ಕಂಪನಿಗೇ. ಮೊದಲ ದಿನವೇ ಇಷ್ಟನ್ನು ಹೇಳಿ ನಾನು ಕೆಲಸ ಶುರು ಮಾಡುತ್ತೇನೆ.

ಹೋದ ತಕ್ಷಣ ಫೈಲುಗಳನ್ನು ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿ ಜೋಡಿಸಿಟ್ಟ ಫೈಲುಗಳೇ ಮೇಜಿಗೆ ಬರುತ್ತವೆ. ಅದರ ಬದಲು ಒಂದು ವರ್ಷದ ಶಿಪ್ಪಿಂಗ್ ಬಿಲ್‌ಗಳ, ಅಂದರೆ ರಫ್ತಿಗೆ ಮುಂಚೆ ಕಸ್ಟಮ್ಸ್‌ಗೆ ಕೊಡುವ ಘೋಷಣೆಗಳ, ಪಟ್ಟಿ ತೆಗೆಸಿ, ಅದರಿಂದ ನಾನೇ ಒಂದನ್ನು ಆರಿಸುತ್ತೇನೆ. ದೊಡ್ಡ ಮೊತ್ತದ್ದನ್ನು ಆರಿಸುವುದಿಲ್ಲ, ಅದನ್ನು ಎಲ್ಲರೂ ಹುಷಾರಾಗಿ ಮಾಡಿರುತ್ತಾರೆ. ಹೊಸ ದೇಶಕ್ಕೆ ಹೋದದ್ದು, ವಾರಂಟಿಗೆ ಬದಲಿಯಾಗಿ ಕಳಿಸಿದ್ದು, ಕೊರಿಯರ್‌ನಲ್ಲಿ ಹೋದ ಸ್ಯಾಂಪಲ್ ಇಂಥವನ್ನು ಹಿಡಿಯುತ್ತೇನೆ. ಸ್ಯಾಂಪಲ್‌ಗೆ ಹಣ ಬರುವುದಿಲ್ಲ ನಿಜ. ಆದರೆ ಗಡಿ ದಾಟಿದರೆ ಅದೂ ರಫ್ತೇ ಅಲ್ವಾ?

ಆಮೇಲೆ ಆ ಒಂದು ಬಿಲ್ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆಯುವುದು. ಹಿಂದಕ್ಕೆ ಪ್ಯಾಕಿಂಗ್ ಲಿಸ್ಟ್, ಪಿಒ (ಖರೀದಿದಾರರ ಆರ್ಡರ್ ಪತ್ರ), ಡ್ರಾಯಿಂಗ್, ಕಚ್ಚಾ ಮಾಲಿನ ಟೆಸ್ಟ್ ಸರ್ಟಿಫಿಕೇಟ್. ಮುಂದಕ್ಕೆ ಬ್ಯಾಂಕ್, ಜಿಎಸ್‌ಟಿ, ರಫ್ತು ಪ್ರೋತ್ಸಾಹಧನ. ಇದಕ್ಕಾಗಿ ಸೇಲ್ಸ್, ಡಿಸೈನ್, ಸ್ಟೋರ್ಸ್, ಡಿಸ್‌ಪ್ಯಾಚ್, ಅಕೌಂಟ್ಸ್ ಎಲ್ಲರ ಮೇಜಿಗೂ ಹೋಗಬೇಕಾಗುತ್ತದೆ. ಒಂದೇ ಸರಕಿನ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತಿರುತ್ತದೆ. ಅವರೆಲ್ಲ ಒಟ್ಟಿಗೆ ಕೂತು ಮಾತಾಡಿರುವುದೇ ಇಲ್ಲ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಯೇ. ಮೋಸ ಮಾಡಬೇಕೆಂದು ಹೊರಟವರು ತೀರಾ ಕಡಿಮೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಸ್ಕೊಮೆಟ್ ಪಟ್ಟಿಗೆ. ನಾಗರಿಕ ಬಳಕೆಗೂ ಸೈ, ಆಯುಧ ತಯಾರಿಗೂ ಸೈ ಎನ್ನುವಂಥ ರಾಸಾಯನಿಕ, ಸೂಕ್ಷ್ಮಜೀವಿ, ವಸ್ತು, ಯಂತ್ರ, ತಂತ್ರಜ್ಞಾನಗಳ ಸರ್ಕಾರಿ ಪಟ್ಟಿ ಅದು. 0ಯಿಂದ 8ರವರೆಗೆ ವರ್ಗಗಳಿವೆ. 0 ವರ್ಗಕ್ಕೆ ಅನುಮತಿ ಕೊಡುವುದು ಪರಮಾಣು ಇಂಧನ ಇಲಾಖೆ, 6ಕ್ಕೆ ರಕ್ಷಣಾ ಉತ್ಪಾದನಾ ಇಲಾಖೆ, ಉಳಿದದ್ದಕ್ಕೆ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಭಾರತ 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟಕ್ಕೆ, 2017ರಲ್ಲಿ ವಾಸೆನಾರ್ ಒಪ್ಪಂದಕ್ಕೆ, 2018ರಲ್ಲಿ ಆಸ್ಟ್ರೇಲಿಯಾ ಗ್ರೂಪ್‌ಗೆ ಸೇರಿತು. ಇವೆಲ್ಲ ಇಂಥ ಸರಕಿನ ರಫ್ತಿಗೆ ಕಡಿವಾಣ ಹಾಕುವ ದೇಶಗಳ ಕೂಟಗಳು. ನಮ್ಮ ಪಟ್ಟಿಯನ್ನು ಆ ಕೂಟಗಳ ಪಟ್ಟಿಗಳಿಗೆ ಹೊಂದಿಸಿರುವುದರಿಂದ ಅಲ್ಲಿ ಬದಲಾದರೆ ಇಲ್ಲಿಯೂ ಬದಲಾಗುತ್ತದೆ.

ಇದನ್ನು ಹೇಳಿದಾಗ ಮಾಲೀಕರು ನಗುತ್ತಾರೆ. "ನಾವು ವಾಲ್ವ್ ಮಾಡೋರು ಮೇಡಂ, ಬಾಂಬ್ ಅಲ್ಲ." ಅವರ ನಗು ನನಗೆ ಅರ್ಥವಾಗುತ್ತದೆ. ಆದರೆ ಆ ಪಟ್ಟಿಯ 3ನೇ ವರ್ಗದಲ್ಲಿ ರಾಸಾಯನಿಕ ಕಾರ್ಖಾನೆಯ ವಾಲ್ವ್‌ಗಳೂ ಪಂಪ್‌ಗಳೂ ಇವೆ. ಘೋರ ವಿಷವನ್ನು ತಯಾರಿಸುವಾಗ ಸಾಮಾನ್ಯ ಉಕ್ಕು ತಡೆಯುವುದಿಲ್ಲ, ಸವೆದುಹೋಗುತ್ತದೆ. ಹಾಗಾಗಿ ಸವೆಯದ ಲೋಹದ, ಸವೆಯದ ಲೈನಿಂಗ್‌ನ ಉಪಕರಣಗಳ ಮೇಲೆ ಕಣ್ಣು.

ಒಂದು ಕಂಪನಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆರಿಸಿದ ಬಿಲ್‌ನಲ್ಲಿ ಇದ್ದದ್ದು "ಸ್ಟೀಲ್ ವಾಲ್ವ್ಸ್", ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕಿನ ಬಗೆ ಗುರುತಿಸುವ ಸಂಖ್ಯೆ) 8481. ಅಷ್ಟೇ. ಮನೆ ನಲ್ಲಿಗೂ ಅದೇ 8481, ಕಾರ್ಖಾನೆ ವಾಲ್ವ್‌ಗೂ ಅದೇ 8481. ಕೋಡ್ ನೋಡಿ ಏನೂ ಗೊತ್ತಾಗುವುದಿಲ್ಲ. ಕ್ವಾಲಿಟಿ ನೋಡುವ ಹುಡುಗನ ಹತ್ತಿರ ಹೋಗಿ, ದ್ರವ ತಾಗುವ ಭಾಗಗಳು ಯಾವ ಲೋಹ ಅಂತ ಕೇಳಿದೆ.

"ಅಲಾಯ್ 20 ಮೇಡಂ. ಸಿಎನ್‌7ಎಂ ಎರಕ. ಸಲ್ಫ್ಯೂರಿಕ್ ಆಸಿಡ್ ಲೈನಿಗೆ ಇದೇ ಬೇಕು."

ನಾನು ಹೀಟ್ ನಂಬರ್, ಅಂದರೆ ಲೋಹವನ್ನು ಒಂದು ಸಲ ಕರಗಿಸಿದ ಕಂತಿನ ಸಂಖ್ಯೆ, ಕೇಳಿದೆ. ಅವನು ಎರಡು ಹೀಟ್‌ಗಳ ಸರ್ಟಿಫಿಕೇಟ್ ತೆಗೆದಿಟ್ಟ. ಪಟ್ಟಿಯ ಅಳತೆ ಹೀಗಿದೆ: ತೂಕದಲ್ಲಿ ನಿಕ್ಕಲ್ ಶೇ. 25ಕ್ಕಿಂತ ಜಾಸ್ತಿ, ಜೊತೆಗೆ ಕ್ರೋಮಿಯಂ ಶೇ. 20ಕ್ಕಿಂತ ಜಾಸ್ತಿ ಇರುವ ಮಿಶ್ರಲೋಹ. ಸಿಎನ್‌7ಎಂ ದರ್ಜೆಯಲ್ಲಿ ನಿಕ್ಕಲ್ ಶೇ. 27.5ರಿಂದ 30.5, ಕ್ರೋಮಿಯಂ ಶೇ. 19ರಿಂದ 22. ನಿಕ್ಕಲ್ ಯಾವತ್ತೂ ಗೆರೆ ದಾಟಿಯೇ ಇರುತ್ತದೆ. ಕ್ರೋಮಿಯಂ ಮಾತ್ರ ಗೆರೆಯ ಆಚೆಗೂ ಬೀಳಬಹುದು, ಈಚೆಗೂ ಬೀಳಬಹುದು. ಒಂದು ಸರ್ಟಿಫಿಕೇಟ್‌ನಲ್ಲಿ 19.6, ಇನ್ನೊಂದರಲ್ಲಿ 20.4. ಒಂದೇ ಡ್ರಾಯಿಂಗ್, ಒಂದೇ ಪಿಒ, ಒಂದೇ ಪೆಟ್ಟಿಗೆ. ಒಳಗಿನ ಕೆಲವಕ್ಕೆ ಅನುಮತಿ ಬೇಕು, ಕೆಲವಕ್ಕೆ ಬೇಡ.

ಹೀಗಾದಾಗ ಹೀಟ್ ನೋಡಿಕೊಂಡು ಬೇರ್ಪಡಿಸೋಣ ಅನ್ನುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಮುಂದಿನ ಎರಕ ಹೇಗೆ ಬರುತ್ತದೋ ಯಾರಿಗೆ ಗೊತ್ತು? ಆ ದರ್ಜೆಯನ್ನೇ ಪಟ್ಟಿಯೊಳಗಿನದು ಅಂತ ಗುರುತು ಹಾಕಿ, ಆರ್ಡರ್ ಬಂದ ದಿನವೇ ಅನುಮತಿಯ ಕೆಲಸ ಶುರು ಮಾಡುವುದು ಒಳ್ಳೆಯದು. ಜೊತೆಗೆ ಬಾಡಿ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. ಡಿಸ್ಕ್, ಸೀಟ್, ಸ್ಟೆಮ್, ದ್ರವ ತಾಗುವ ಪ್ರತಿಯೊಂದನ್ನೂ ಡ್ರಾಯಿಂಗ್‌ನ ಪಟ್ಟಿಯಲ್ಲಿ ಬೆರಳಿಟ್ಟು ನೋಡಬೇಕು. ಸೈಜ್ 10 ಮಿಮೀಗಿಂತ ದೊಡ್ಡದಾ ಅಂತಲೂ ನೋಡಬೇಕು. ಹೊರಗೆ ಮಾಮೂಲಿ ಕಬ್ಬಿಣ, ಒಳಗೆ ಪಿಎಫ್‌ಎ ಎಂಬ ಸವೆಯದ ಪ್ಲಾಸ್ಟಿಕ್‌ನ ಲೈನಿಂಗ್ ಇರುವ ವಾಲ್ವ್ ಕೂಡ ಸಿಕ್ಕಿಬೀಳುತ್ತದೆ, ಯಾಕಂದರೆ ದ್ರವ ತಾಗುವುದು ಲೈನಿಂಗ್‌ಗೆ. ಅದೇ 316 ಸ್ಟೇನ್‌ಲೆಸ್ ಆದರೆ ನಿಕ್ಕಲ್ ಅಷ್ಟಿರುವುದಿಲ್ಲ, ಈ ತೊಂದರೆಯೂ ಇಲ್ಲ. ಮ್ಯಾಗ್ನೆಟಿಕ್ ಡ್ರೈವ್‌ನ ಸೀಲ್ ಇಲ್ಲದ ಪಂಪ್ ಮಾಡುವವರು ಇನ್ನೂ ಹುಷಾರಾಗಿರಬೇಕು. ದ್ರವ ತಾಗುವ ಭಾಗ ಪಟ್ಟಿಯ ವಸ್ತುವಾಗಿದ್ದು, ಗಂಟೆಗೆ 0.6 ಘನ ಮೀಟರ್‌ಗಿಂತ ಜಾಸ್ತಿ ಹರಿಸಿದರೆ ಸಾಕು, ಅದೂ ಪಟ್ಟಿಯಲ್ಲಿದೆ. ಪಂಪ್‌ಗೆ ಇದು ಏನೇನೂ ದೊಡ್ಡ ಹರಿವಲ್ಲ.

ಸರಕಿನ ನಂತರ ಕೊಳ್ಳುವವರು. ಪಿಒ ದುಬೈ ವ್ಯಾಪಾರಿಯದು, ಪೆಟ್ಟಿಗೆ ಇಳಿಯುವುದು ಅಲ್ಲಿನ ಜೆಬೆಲ್ ಅಲಿ ಬಂದರಿನಲ್ಲಿ. ಅಲ್ಲಿಂದ ಎಲ್ಲಿಗೆ? "ಅದು ಅವರ ವ್ಯವಹಾರ ಮೇಡಂ, ಕೇಳಿದರೆ ಬೇಜಾರು ಮಾಡ್ಕೊಳ್ತಾರೆ" ಅನ್ನುತ್ತಾರೆ ಸೇಲ್ಸ್‌ನವರು. ನಾನು ಪಟ್ಟು ಬಿಡುವುದಿಲ್ಲ. ಪಟ್ಟಿಯ ಸರಕಿಗೆ ಕೊನೆಯ ಬಳಕೆದಾರನ ಲಿಖಿತ ಪ್ರಮಾಣಪತ್ರವಿಲ್ಲದೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಸರಕಾದರೂ, ಅದು ಸಾಮೂಹಿಕ ನಾಶದ ಆಯುಧಕ್ಕೆ ಹೋಗುತ್ತಿದೆ ಎಂದು ಗೊತ್ತಿದ್ದೂ ಕಳಿಸಿದರೆ 2005ರ ಕಾಯ್ದೆ ಹಿಡಿಯುತ್ತದೆ. ವಿಷಯ ಜೈಲು ಶಿಕ್ಷೆಯವರೆಗೂ ಹೋಗಬಹುದು. ಪ್ರಾಮಾಣಿಕವಾಗಿ ಕೊಳ್ಳುವವರು ಯಾವ ಕಾರ್ಖಾನೆ, ಯಾವ ಲೈನ್ ಅಂತ ಸುಮ್ನೆ ಹೇಳಿಬಿಡುತ್ತಾರೆ. ಹೇಳದೆ ಅವಸರ ಮಾಡುವವರ ಆರ್ಡರ್ ಬಿಟ್ಟರೆ ಕಂಪನಿಗೆ ನಷ್ಟವಿಲ್ಲ.

ಪಟ್ಟಿಯ ಸರಕಿನ ಡ್ರಾಯಿಂಗ್ ಇಮೇಲ್‌ನಲ್ಲಿ ಹೊರದೇಶಕ್ಕೆ ಹೋದರೆ ಅದೂ ರಫ್ತು. ತಂತ್ರಜ್ಞಾನವೂ ಪಟ್ಟಿಯಲ್ಲಿದೆ. ಕಸ್ಟಮ್ಸ್ ಗೇಟ್ ದಾಟದ ಇಂಥ ರಫ್ತನ್ನು ಹೊರಗಿನವರು ಯಾರೂ ತಡೆಯಲಾರರು. ಹಾಗಾಗಿ ಡಿಸೈನ್ ವಿಭಾಗದವರ ಜೊತೆ ಬೇರೆಯಾಗಿಯೇ ಕೂರುತ್ತೇನೆ.

ಎಚ್‌ಎಸ್ ಕೋಡ್ ಬಗ್ಗೆ ಇನ್ನೊಂದು ಮಾತು. ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲ ನೋಡಿ ಆಮದಿನ ಮೇಲೆ ಹಾಕುವ ಯುರೋಪಿನ ಇಂಗಾಲ ಗಡಿ ತೆರಿಗೆಗೆ 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಒಪ್ಪಿಸುವುದಿತ್ತು. 2026ರ ಜನವರಿ 1ರಿಂದ ಅದು ಪೂರ್ತಿಯಾಗಿ ಜಾರಿಗೆ ಬಂದಿದೆ. ಅಲ್ಲಿನ ಖರೀದಿದಾರರು ಈಗ ಕೋಡ್ ಬಗ್ಗೆ ಜಾಸ್ತಿ ಕೇಳುತ್ತಾರೆ. ಬೆಳಗಾವಿಯ ಎರಕ ಪೈಪ್ ಫಿಟಿಂಗ್ ಅಂತ 7307ರಲ್ಲಿ ಹೋದರೆ ಆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ವಾಲ್ವ್‌ನ ಭಾಗ ಅಂತ 8481ರಲ್ಲಿ ಹೋದರೆ ಕಥೆಯೇ ಬೇರೆ. ಅದಕ್ಕೆ "ಕೋಡ್ ಬದಲಾಯಿಸಿ" ಅಂತ ಒತ್ತಡ ಬರುತ್ತದೆ. ಕೋಡ್ ಸರಕಿನ ರೂಪ ನೋಡಿ ಬರಬೇಕು. ತೆರಿಗೆ ನೋಡಿ ಬಂದ ಕೋಡ್ ಯಾವ ತನಿಖೆಯಲ್ಲೂ ನಿಲ್ಲುವುದಿಲ್ಲ.

ಇನ್ನು ಹಣ. ಬಿಲ್ ಹಿಡಿದು ಅಕೌಂಟ್ಸ್‌ಗೆ ಹೋಗುತ್ತೇನೆ. ಪ್ರತಿ ಶಿಪ್ಪಿಂಗ್ ಬಿಲ್ ರಫ್ತಿನ ಹಣ ಬಂತಾ ಅಂತ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್‌ ವ್ಯವಸ್ಥೆಯಲ್ಲಿ ಕೂತಿರುತ್ತದೆ. ಹಣ ಬಂದು ಬ್ಯಾಂಕ್ ಅದನ್ನು ಹೊಂದಿಸುವವರೆಗೂ ಮುಗಿಯುವುದಿಲ್ಲ. ಹಣ ತರಿಸಲು ಬಹಳ ಕಾಲ 9 ತಿಂಗಳ ಗಡುವಿತ್ತು, 2025ರ ನವೆಂಬರ್‌ನಲ್ಲಿ 15 ತಿಂಗಳಾಯಿತು. ಗಡುವು ಬೆಳೆದರೂ ಹಳೆಯ ಕಾಯಿಲೆ ಹೋಗಿಲ್ಲ. ಖರೀದಿದಾರ ಪೂರ್ತಿ ಕಳಿಸುತ್ತಾನೆ, ನಡುವಿನ ಬ್ಯಾಂಕ್ 30-40 ಡಾಲರ್ ಮುರಿದುಕೊಳ್ಳುತ್ತದೆ. ಅಕೌಂಟ್ಸ್ ಮೇಡಂ ಅದನ್ನು ಬ್ಯಾಂಕ್ ಚಾರ್ಜ್‌ಗೆ ಬರೆದು ಮರೆಯುತ್ತಾರೆ. ಕಂಪನಿಯ ಪುಸ್ತಕದಲ್ಲಿ ಬಿಲ್ ಮುಗಿದಿದೆ, ಇಡಿಪಿಎಂಎಸ್‌ನಲ್ಲಿ ತೆರೆದೇ ಇದೆ. ಇಂಥವು ಸೇರಿಕೊಂಡು ಒಂದು ದಿನ ಬ್ಯಾಂಕ್ ಹೊಸ ಕಾಗದಕ್ಕೇ ಕೈ ಹಾಕದೆ ಕೂರುತ್ತದೆ. ತಿಂಗಳಿಗೊಮ್ಮೆ ಬ್ಯಾಂಕಿನಿಂದ ತೆರೆದ ಬಿಲ್‌ಗಳ ಪಟ್ಟಿ ತರಿಸಿ ಹೊಂದಿಸಿದರೆ ಈ ಗಂಟು ಕಟ್ಟುವುದೇ ಇಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಐಇಸಿಯಲ್ಲಿ (ಆಮದು-ರಫ್ತು ಮಾಡುವವರ ನೋಂದಣಿ ಸಂಖ್ಯೆ) ಬದಲಾವಣೆ ಇರಲಿ ಬಿಡಲಿ, ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢಪಡಿಸಬೇಕು. ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಜಿಎಸ್‌ಟಿಯ ಮುಚ್ಚಳಿಕೆ, ಎಲ್‌ಯುಟಿ, ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಸುಂಕವಿಲ್ಲದೆ ಯಂತ್ರ ಆಮದು ಮಾಡಿಕೊಳ್ಳುವ ಇಪಿಸಿಜಿ ಯೋಜನೆಯಲ್ಲಿ ಮಷಿನ್ ತರಿಸಿದ್ದರೆ ಉಳಿತಾಯವಾದ ಸುಂಕದ 6 ಪಟ್ಟು ರಫ್ತನ್ನು 6 ವರ್ಷದಲ್ಲಿ ಮಾಡಬೇಕು. ಆ ಮಷಿನ್ ಲೈಸೆನ್ಸ್‌ನಲ್ಲಿರುವ ವಿಳಾಸದಲ್ಲೇ ಇದೆಯಾ ಅಂತ ನಾನೇ ಹೋಗಿ ನೋಡುತ್ತೇನೆ, ನಂಬರ್ ಪ್ಲೇಟ್ ಸಮೇತ. ರಿಪೇರಿಗೆ ವಾಪಸ್ ಬರುವ ಸರಕಿನ ಸೀರಿಯಲ್ ನಂಬರ್ ಮೊದಲ ಇನ್‌ವಾಯ್ಸ್‌ನಲ್ಲಿ ಇದೆಯಾ ಅಂತಲೂ ನೋಡುತ್ತೇನೆ. ಇಲ್ಲದಿದ್ದರೆ ಇದು ನಮ್ಮದೇ ಸರಕು ಎಂದು ತೋರಿಸುವುದು ಕಷ್ಟ, ಸುಂಕ ಕಟ್ಟಬೇಕಾದೀತು.

ಅನುಮತಿ ಇಲ್ಲದೆ ಪಟ್ಟಿಯ ಸರಕು ಹೋಗಿದೆ ಅಂತ ಗೊತ್ತಾದರೆ ಮೊದಲ ಕೆಲಸ, ಡಿಸ್‌ಪ್ಯಾಚ್‌ನಲ್ಲಿ ಕಾಯುತ್ತಿರುವ ಅಂಥದೇ ಪೆಟ್ಟಿಗೆಯನ್ನು ನಿಲ್ಲಿಸುವುದು. ಆಮೇಲೆ ಹಳೆಯ ಕಾಗದಗಳನ್ನು ಹಾಗೆಯೇ ಎತ್ತಿಡುವುದು. ಹಿಂದಿನ ತಾರೀಖು ಹಾಕಿ ಹೊಸ ಕಾಗದ ಹುಟ್ಟಿಸುವ ಆಲೋಚನೆ ಬಂದರೆ ನಾನು ಅಲ್ಲಿಗೇ ಎದ್ದು ಬರುತ್ತೇನೆ, ಇದನ್ನು ಮೊದಲೇ ಹೇಳಿರುತ್ತೇನೆ. ತಾವಾಗಿಯೇ ಡಿಜಿಎಫ್‌ಟಿಗೆ ತಿಳಿಸಿಕೊಳ್ಳುವ ದಾರಿ ಇದೆ. ಮಾಲೀಕರಿಗೆ ಭಯವಾಗುವುದು ಸಹಜ. ಆದರೆ ಅಧಿಕಾರಿಗಳು ಕಂಡುಹಿಡಿಯುವುದಕ್ಕೂ ನಾವೇ ಹೋಗಿ ಹೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ವಕೀಲರನ್ನು ಜೊತೆಗಿಟ್ಟುಕೊಂಡು ಆ ದಾರಿಯಲ್ಲೇ ಹೋಗಿ ಅನ್ನುತ್ತೇನೆ.

ನಾನು ಕೊಡುವ ವರದಿ ಚಿಕ್ಕದು. ದಪ್ಪ ವರದಿಯನ್ನು ಯಾರೂ ಓದುವುದಿಲ್ಲ. ಅದರ ಬದಲು ಕಂಪನಿಯ ಐಟಂ ಮಾಸ್ಟರ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿರುವ ಎಲ್ಲ ಸರಕಿನ ಪಟ್ಟಿ) ಒಂದು ಕಾಲಂ ಸೇರಿಸುತ್ತೇನೆ: ಸ್ಕೊಮೆಟ್ ಹೌದು, ಅಲ್ಲ, ನೋಡಬೇಕು. "ನೋಡಬೇಕು" ಅಂತ ಇರುವ ಐಟಂಗೆ ಇನ್‌ವಾಯ್ಸ್ ಹೊರಡದಂತೆ ಸಾಫ್ಟ್‌ವೇರ್‌ನಲ್ಲೇ ಬೀಗ. ಆ ಬೀಗ ತೆಗೆಯುವ ಅಧಿಕಾರ ಸೇಲ್ಸ್‌ನವರಿಗೆ ಇರಬಾರದು, ತಿಂಗಳ ಕೊನೆಯ ಒತ್ತಡ ಅವರ ಮೇಲೆಯೇ ಇರುತ್ತದೆ. ತೀರ್ಮಾನ ಮಾಡಿದವರ ಹೆಸರು, ತಾರೀಖು, ಅದಕ್ಕೆ ಆಧಾರವಾದ ಡ್ರಾಯಿಂಗ್ ನಂಬರ್ ಅದೇ ಸಾಲಿನಲ್ಲಿರಬೇಕು. ಪಟ್ಟಿ ಪರಿಷ್ಕರಣೆಯಾಗಿ ಡಿಜಿಎಫ್‌ಟಿ ಅಧಿಸೂಚನೆ ಬಂದಾಗ, "ಹೌದು" ಎಂದಿರುವುದನ್ನು ಮಾತ್ರವಲ್ಲ, "ಅಲ್ಲ" ಎಂದಿರುವುದನ್ನೂ ಆ ಸಾಲಿನಲ್ಲಿ ಹೆಸರಿರುವವರೇ ಮತ್ತೊಮ್ಮೆ ಓದಬೇಕು.