ಜ್ವರ ಡೆಂಗಿಯದೋ ಕೋವಿಡ್‌ನದೋ: ಮನೆಯವರು ಗಮನಿಸಬೇಕಾದ ಕ್ರಮ

ಮಳೆಗಾಲದಲ್ಲಿ ಜ್ವರ ಕಾಣಿಸಿಕೊಂಡ ಕೂಡಲೇ ಅದು ಆರಂಭವಾದ ದಿನ ಮತ್ತು ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಡೆಂಗಿ, ಕೋವಿಡ್ ಎರಡೂ ಜ್ವರ, ತಲೆನೋವು, ಮೈಕೈ ನೋವುಗಳಿಂದಲೇ ಶುರುವಾಗುವುದರಿಂದ ಮೊದಲ ದಿನ ಲಕ್ಷಣಗಳನ್ನಷ್ಟೇ ನೋಡಿ ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಯಾವ ಪರೀಕ್ಷೆ ಮಾಡಿಸಬೇಕು, ಯಾವಾಗ ಎಚ್ಚರದಿಂದಿರಬೇಕು ಎಂಬುದು ಬಹುಮಟ್ಟಿಗೆ ಈ ದಿನಗಳ ಲೆಕ್ಕದ ಮೇಲೆಯೇ ನಿಂತಿದೆ.

ಗಂಟಲು ಕೆರೆತ, ಒಣಕೆಮ್ಮು, ಮೂಗು ಸೋರುವಿಕೆ ಇದ್ದರೆ ಉಸಿರಾಟದ ಸೋಂಕನ್ನು ಮೊದಲು ಶಂಕಿಸಬೇಕು. ಇವು ಯಾವುವೂ ಇಲ್ಲದೆ ಏಕಾಏಕಿ ಏರಿದ ಜ್ವರ, ಕಣ್ಣುಗುಡ್ಡೆಗಳ ಹಿಂದೆ ನೋವು, ವಾಕರಿಕೆ, ಮೈಮೇಲೆ ದದ್ದು ಡೆಂಗಿಯತ್ತ ಬೆರಳು ತೋರುತ್ತವೆ. ಮನೆಯಲ್ಲಿ ಒಬ್ಬರ ಹಿಂದೊಬ್ಬರು ಮಲಗಿದ ಮಾತ್ರಕ್ಕೆ ಅದು ಕೋವಿಡ್ ಎನ್ನುವಂತಿಲ್ಲ, ಏಕೆಂದರೆ ಡೆಂಗಿ ಹರಡುವ ಒಂದೇ ಈಡಿಸ್ ಸೊಳ್ಳೆ ಮನೆಮಂದಿಯನ್ನೆಲ್ಲ ಕಚ್ಚಬಲ್ಲದು.

ಡೆಂಗಿಗೆ ಮೊದಲ 5 ದಿನಗಳೊಳಗೆ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ರಕ್ತಪರೀಕ್ಷೆ, ಅನಂತರ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಸೂಕ್ತ. ಕೋವಿಡ್‌ಗೆ ಮೂಗು, ಗಂಟಲಿನ ದ್ರವ ಬೇಕು. ಸಿಂಗಪುರದಲ್ಲಿ 2020ರಲ್ಲಿ ಇಬ್ಬರಿಗೆ ಕ್ಷಿಪ್ರ ರಕ್ತಪರೀಕ್ಷೆ ಡೆಂಗಿ ಎಂದು ತೋರಿಸಿ, ಕೊನೆಗೆ ಅದು ಕೋವಿಡ್ ಎಂದು ಖಚಿತವಾಯಿತು. ಆದ್ದರಿಂದ ವರದಿ ಏನೇ ಹೇಳಲಿ, ಕೆಮ್ಮು ಹೆಚ್ಚುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ರೋಗ ಯಾವುದೆಂದು ತಿಳಿಯುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಮೈಕೈ ನೋವಿಗೆಂದು ಔಷಧಿ ಅಂಗಡಿಯಿಂದ ತಂದ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಹುದು. ಹೃದ್ರೋಗಕ್ಕಾಗಿ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಬಹಳಷ್ಟು ಮನೆಗಳು ಎಡವುವುದು ಜ್ವರ ಇಳಿದ ದಿನ. ಡೆಂಗಿಯಲ್ಲಿ ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಮೈ ತಣ್ಣಗಾಗುತ್ತಿದ್ದಂತೆಯೇ, ರಕ್ತನಾಳಗಳಿಂದ ದ್ರವಾಂಶ ಸೋರುವ ಅಪಾಯದ 24ರಿಂದ 48 ಗಂಟೆಗಳು ಬರುತ್ತವೆ. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ನಮ್ಮಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ವಿಚಾರಿಸುತ್ತಾರೆ. ವೈದ್ಯರು ಅದರ ಜೊತೆಗೆ ದ್ರವಾಂಶ ಸೋರಿ ರಕ್ತ ಮಂದವಾಗುತ್ತಿರುವುದನ್ನು ತೋರಿಸುವ ಹೆಮಟೋಕ್ರಿಟ್ ಅನ್ನೂ ನೋಡುತ್ತಾರೆ. ಕೋವಿಡ್‌ನಲ್ಲಾದರೋ ಗಮನ ಉಸಿರಿನ ಮೇಲಿರಬೇಕು: ಏದುಸಿರು ಬಂದರೆ ಅಥವಾ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇ. 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬಾರದು.

ಕೋವಿಡ್ ರೋಗಿಗೆ ಮಾಸ್ಕ್, ಪ್ರತ್ಯೇಕ ಕೋಣೆ, ತೆರೆದ ಕಿಟಕಿ ಬೇಕು. ಡೆಂಗಿ ರೋಗಿಯನ್ನು ಬೇರೆ ಇರಿಸಬೇಕಾಗಿಲ್ಲ, ಆದರೆ ಈಡಿಸ್ ಹಗಲಲ್ಲೇ ಕಚ್ಚುವುದರಿಂದ ಜ್ವರವಿರುವಷ್ಟು ದಿನ ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು.